ಬತ್ತೇರಿಯ ಮನೆ, ಮೈಸೂರಿನ ಫೋನು

ಮೈಸೂರಿನಲ್ಲಿದ್ದುಕೊಂಡು, ಅಮ್ಮ ಇರುವ ಬತ್ತೇರಿಯ ಮನೆಯನ್ನು ಫೋನಿನಲ್ಲೇ ನೋಡಿಕೊಳ್ಳಲು ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳಿದ್ದೀರಿ. ನಾನಾದರೆ ಅದನ್ನು ಕೊನೆಗೆ ಕೊಳ್ಳುತ್ತೇನೆ. ವಯನಾಡಿನ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ರೂಟರ್ ಆರುತ್ತದೆ, ನಿಮ್ಮ ಫೋನಿನಲ್ಲಿದ್ದ ಮನೆಯೂ ಮಾಯ. ಮೊದಲು ರೂಟರಿಗೊಂದು 12 ವೋಲ್ಟಿನ ಪುಟ್ಟ ಯುಪಿಎಸ್, ಮನೆಗೆ ಸರಿಯಾದ ಅರ್ಥಿಂಗ್.

ಬಾವಿಯ ಪಂಪನ್ನೂ ಫೋನಿನಿಂದಲೇ ಓಡಿಸುವುದಾದರೆ, ಅದರಲ್ಲಿ ಮಾತ್ರ ಉಳಿತಾಯ ನೋಡಬೇಡಿ. ಮೋಟರು ಹೊರಡುವಾಗ ಹಲವು ಪಟ್ಟು ಹೆಚ್ಚು ಕರೆಂಟ್ ಎಳೆಯುತ್ತದೆ. ಬರೀ ಸ್ಮಾರ್ಟ್ ಪ್ಲಗ್ ಹಾಕಿ, ಅದರೊಳಗಿನ ಸ್ವಿಚ್ಚಾದ ರಿಲೇ ಅಂಟಿಕೊಂಡರೆ ಆ್ಯಪ್ ‘ಆಫ್’ ಎಂದರೂ ಪಂಪು ಓಡುತ್ತಲೇ ಇರುತ್ತದೆ. ನಡುವೆ ಮೋಟರಿನ ಕರೆಂಟ್ ತಾಳುವ ಸ್ವಿಚ್, ಅಂದರೆ ಕಾಂಟ್ಯಾಕ್ಟರ್, ಹಾಕಿಸಿ. ನೀರಿಲ್ಲದಾಗ ತಾನೇ ನಿಲ್ಲುವ ಡ್ರೈ ರನ್ ರಕ್ಷಣೆಯೂ ಇರಲಿ. ಕರೆಂಟ್ ಮರಳಿದಾಗ ಸ್ವಿಚ್ ‘ಆಫ್’ನಲ್ಲೇ ಉಳಿಯುವಂತೆ ಸೆಟ್ಟಿಂಗ್ ಮಾಡಿ. ಹಲವರು ಈ ಸೆಟ್ಟಿಂಗನ್ನು ನೋಡುವುದೇ ಇಲ್ಲ.

ಕ್ಯಾಮೆರಾ, ರೂಟರು ಯಾವುದನ್ನೇ ತಂದರೂ ಪೆಟ್ಟಿಗೆಯ ಜತೆ ಬಂದ ಪಾಸ್‌ವರ್ಡನ್ನು ಅಂದೇ ಬದಲಿಸಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಲಕ್ಷಾಂತರ ಕ್ಯಾಮೆರಾ, ರೂಟರುಗಳಿಗೆ ನುಗ್ಗಿದ್ದು ಬದಲಿಸದ ಪಾಸ್‌ವರ್ಡುಗಳಿಂದಲೇ.

ಇನ್ನು, ರಾತ್ರಿ ಹನ್ನೊಂದಕ್ಕೆ ಅಲಾರಂ ಬಂದರೆ ಏನು ಮಾಡುತ್ತೀರಿ? ಮೈಸೂರಿನಿಂದ ಬತ್ತೇರಿಗೆ ಹೋಗುವ ಬಂಡೀಪುರದ ಹೆದ್ದಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಕುಟ್ಟದ ದಾರಿ ಬಲು ಸುತ್ತು. ಆದ್ದರಿಂದ ಅಲಾರಂ ಪಕ್ಕದ ಮನೆಯವರ ಫೋನಿಗೂ ಹೋಗಲಿ, ಒಂದು ಬೀಗದಕೈ ಅವರಲ್ಲಿರಲಿ.

ಅಮ್ಮನ ಕೋಣೆಯಲ್ಲಂತೂ ಕ್ಯಾಮೆರಾ ಬೇಡ. ಗೇಟು, ಅಂಗಳ ಸಾಕು. ಅದೂ ಅವರನ್ನು ಕೇಳಿಯೇ ಹಾಕಿಸಿ.