ಒಂದೇ ಸಿಡಿಯಲ್ಲಿ ಹಾಡೂ ಫೋಟೋನೂ: ಕಂಪ್ಯೂಟರ್ ಅರ್ಧ ಮಾತ್ರ ಯಾಕೆ ತೋರಿಸುತ್ತೆ?

ಹೋದ ತಿಂಗಳು ನಾನು ಶಾಲೆಗೆ ಒಂದು ಸಿಡಿ ತಂದಿದ್ದು ನಿಮಗೆ ನೆನಪಿರಬಹುದು. ನಮ್ಮ ಅಜ್ಜಿ ಮತ್ತು ನಮ್ಮ ಕೇರಿಯ ಹೆಂಗಸರು ಹೇಳಿದ ಎಂಟು ಸೋಬಾನೆ ಪದಗಳು ಅದರಲ್ಲಿವೆ. 2009ರಲ್ಲಿ ಅತ್ತೆಯ ಮದುವೆಯಲ್ಲಿ ಚಿಕ್ಕಪ್ಪ ರೆಕಾರ್ಡ್ ಮಾಡಿ, ಪೇಟೆಯ ಸ್ಟುಡಿಯೋದಲ್ಲಿ ಮದುವೆ ಫೋಟೋಗಳನ್ನೂ ಸೇರಿಸಿ ಒಂದೇ ಸಿಡಿ ಮಾಡಿಸಿದ್ದರು. ಈಗ ಅಜ್ಜಿಗೆ ಉಬ್ಬಸ, ಪದ ಹೇಳೋಕೆ ಆಗಲ್ಲ. ಮನೆಯ ಸಿಡಿ ಪ್ಲೇಯರ್ ಕೆಟ್ಟು ಮೂಲೆ ಸೇರಿದೆ. ಅದಕ್ಕೇ ಪದಗಳನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳೋಣ ಅಂತ ತಂದೆ.

ಸಿಡಿ ಹಾಕಿ ತೆಗೆದು ನೋಡಿದರೆ ಫೋಟೋ ಮಾತ್ರ ಬಂದವು. ಹಾಡು ಒಂದೂ ಇಲ್ಲ! ಪಕ್ಕದಲ್ಲಿದ್ದವಳು "ಕಂಪ್ಯೂಟರ್ ಹಾಡೆಲ್ಲ ಅಳಿಸಿಬಿಡ್ತು ಕಣೇ" ಅಂದಳು. ನನಗೆ ಕೈಕಾಲು ನಡುಗಿತು, ಮನೆಯಲ್ಲಿ ಏನು ಹೇಳೋದು? ಮೇಷ್ಟ್ರು ಬಂದು, "ಇದು ಸಿಡಿ-ಆರ್, ಒಂದು ಸಲ ಬರೆಯುವಂಥದ್ದು. ಅಳಿಸಬೇಕು ಅಂದರೂ ಅಳಿಸೋಕೆ ಬರಲ್ಲ" ಅಂದಮೇಲೆ ಜೀವ ಬಂತು. ಹಾಗಾದರೆ ಹಾಡು ಎಲ್ಲಿ ಹೋಯಿತು? ಅದನ್ನು ಮೇಷ್ಟ್ರು ಎರಡು ದಿನ ಹೇಳಿಕೊಟ್ಟರು. ನನಗೆ ಅರ್ಥವಾದಷ್ಟು ಇಲ್ಲಿ ಬರೆದಿದ್ದೇನೆ.

ಸಿಡಿಯನ್ನು ಫಿಲಿಪ್ಸ್ ಮತ್ತು ಸೋನಿ ಎಂಬ ಎರಡು ಕಂಪನಿಗಳು ಸೇರಿ ಮಾಡಿದವು. 1982ರಲ್ಲಿ ಮೊದಲು ಜಪಾನಿನಲ್ಲಿ ಮಾರಾಟಕ್ಕೆ ಬಂತು. ಆಗ ಅದು ಹಾಡಿಗೆ ಮಾತ್ರ, ಕಂಪ್ಯೂಟರಿಗೆ ಅಲ್ಲ. ಹಾಡಿನ ಸಿಡಿಯಲ್ಲಿ ಫೈಲೂ ಇಲ್ಲ, ಫೋಲ್ಡರೂ ಇಲ್ಲ. ಒಳಗಡೆಯಿಂದ ಹೊರಗಡೆಗೆ ಚಕ್ಕುಲಿಯ ಹಾಗೆ ಸುತ್ತಿಕೊಂಡ ಒಂದೇ ಗೆರೆ. ಅದರಲ್ಲಿ ಒಂದು ಸೆಕೆಂಡಿಗೆ 75 ತುಂಡು, ಒಂದೊಂದು ತುಂಡಿನಲ್ಲೂ 2352 ಬೈಟು ದನಿ. ಗುಣಿಸಿ ನೋಡಿ: 75 × 2352 = 1,76,400. ಇನ್ನೊಂದು ಲೆಕ್ಕ: ದನಿಯನ್ನು ಸೆಕೆಂಡಿಗೆ 44,100 ಸಲ ಅಳೆಯುತ್ತಾರೆ, ಎಡಕ್ಕೆ 2 ಬೈಟು, ಬಲಕ್ಕೆ 2 ಬೈಟು. 44,100 × 4 ಕೂಡ 1,76,400! ನಾನು ಮೂರು ಸಲ ಮಾಡಿದೆ, ಮೂರು ಸಲವೂ ಸರಿ ಬಂತು.

ಫೋಟೋ, ಪಾಠ, ಪ್ರೋಗ್ರಾಮು ಇವನ್ನು ಬರೆಯುವ ರೀತಿ ಬೇರೆ. ಹಾಡಿನಲ್ಲಿ ಒಂದು ಚೂರು ತಪ್ಪಿದರೆ ಪ್ಲೇಯರ್ ಅಕ್ಕಪಕ್ಕದ್ದು ನೋಡಿ ತುಂಬಿಸಿಕೊಳ್ಳುತ್ತೆ, ಕಿವಿಗೆ ಗೊತ್ತೇ ಆಗಲ್ಲ. ಪ್ರೋಗ್ರಾಮಿನಲ್ಲಿ ಒಂದು ಬೈಟು ತಪ್ಪಿದರೂ ಎಲ್ಲ ಕೆಟ್ಟೀತು. ಆದ್ದರಿಂದ ಅದೇ ತುಂಡಿನಲ್ಲಿ ಸಾಮಾನ್ಯವಾಗಿ 2048 ಬೈಟು ಮಾತ್ರ ನಮ್ಮ ಮಾಹಿತಿ. ಉಳಿದದ್ದು ತುಂಡಿನ ವಿಳಾಸಕ್ಕೆ ಮತ್ತು ತಪ್ಪು ತಿದ್ದುವುದಕ್ಕೆ.

ಎರಡನ್ನೂ ಸೇರಿಸಿದ ಸಿಡಿಗಳಲ್ಲಿ ಎರಡು ಜಾತಿ. ಒಂದರಲ್ಲಿ ಮೊದಲನೇ ಟ್ರ್ಯಾಕು ಮಾಹಿತಿ, ಆಮೇಲೆ ಹಾಡು. ಹಳೇ ಆಟದ ಸಿಡಿಗಳು ಹೀಗಿದ್ದವು. ಇದನ್ನು ಹಳೇ ಹಾಡಿನ ಪ್ಲೇಯರಿಗೆ ಹಾಕಿದರೆ ಮೊದಲನೇ ಟ್ರ್ಯಾಕು ಕರ್ಕಶವಾಗಿ ಅರಚುತ್ತೆ, ಸ್ಪೀಕರ್ ಕೂಡ ಹಾಳಾಗಬಹುದು. ಇದನ್ನು ತಪ್ಪಿಸಲು 1995ರಲ್ಲಿ ಇನ್ನೊಂದು ನಿಯಮ ಮಾಡಿದರು. ಹಾಡನ್ನು ಮೊದಲು ಬರೆದು ಮುಗಿಸುವುದು, ಆಮೇಲೆ ಮಾಹಿತಿಯನ್ನು ಬೇರೆಯಾಗಿ ಬರೆಯುವುದು. ಹೀಗೆ ಒಂದು ಸಲಕ್ಕೆ ಬರೆದು ಮುಗಿಸಿದ ಭಾಗಕ್ಕೆ ಸೆಷನ್ ಅಂತಾರೆ. ನಮ್ಮ ಅಜ್ಜಿಯ ಸಿಡಿ ಈ ಜಾತಿಯದು. ಮನೆಯ ಪ್ಲೇಯರಿಗೆ ಮೊದಲನೇ ಸೆಷನ್ ಮಾತ್ರ ಕಾಣುತ್ತಿತ್ತು, ಶಾಲೆಯ ಕಂಪ್ಯೂಟರ್ ಎರಡನೆಯದರ ಫೈಲುಗಳನ್ನು ಮಾತ್ರ ತೋರಿಸಿತು. ಕುರುಡರು ಆನೆ ಮುಟ್ಟಿದ ಕಥೆ ಆಯಿತು.

ಇನ್ನು ಪರೀಕ್ಷೆ ಮಾಡುವ ಕ್ರಮ. ಇಂಥ ಸಿಡಿ ಓದದಿದ್ದರೆ ಮೊದಲು ಬರೀ ಹಾಡಿನ ಸಿಡಿ ಒಂದು, ಬರೀ ಪಾಠದ ಸಿಡಿ ಒಂದು ಹಾಕಿ ನೋಡಬೇಕು. ಎರಡೂ ಓದದಿದ್ದರೆ ಡ್ರೈವಿನ ಕಣ್ಣಿಗೆ ಧೂಳು ಕೂತಿರಬಹುದು, ಇಲ್ಲವೇ ಡ್ರೈವೇ ಕೆಟ್ಟಿರಬಹುದು. ಎರಡೂ ಓದಿ ಇದೊಂದೇ ಓದದಿದ್ದರೆ ಸಿಡಿಯನ್ನು ನೋಡಬೇಕು. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ. ತಟ್ಟೆ ತಿಕ್ಕಿದ ಹಾಗೆ ಸುತ್ತ ಒರೆಸಬೇಡಿ (ನಾನು ಹಾಗೇ ಒರೆಸಿ ಬೈಸಿಕೊಂಡೆ). ಗೆರೆ ಸುತ್ತಾಗಿ ಇರುವುದರಿಂದ, ಸುತ್ತ ಗೀರು ಬಿದ್ದರೆ ಗೆರೆಯ ಉದ್ದಕ್ಕೂ ಹಾಳಾಗುತ್ತೆ, ಡ್ರೈವಿಗೆ ತಿದ್ದಿಕೊಳ್ಳೋಕೆ ಆಗಲ್ಲ. ಬಹಳ ಹಳೇ ಡ್ರೈವಾದರೆ ಮೊದಲನೇ ಸೆಷನ್ ಬಿಟ್ಟು ಮುಂದಕ್ಕೆ ಓದುವುದೇ ಇಲ್ಲ, ಅದಕ್ಕೆ ಬೇರೆ ಡ್ರೈವೇ ಬೇಕು.

ಹಾಡು ಕಾಣದಿದ್ದರೆ ಫೋಲ್ಡರಿನಲ್ಲಿ ಹುಡುಕಬಾರದು. ಮೀಡಿಯಾ ಪ್ಲೇಯರ್ ತೆಗೆದು ಎಡಗಡೆ ಸಿಡಿಯ ಹೆಸರು ಒತ್ತಬೇಕು. ನಾವು ಒತ್ತಿದೆವು, ಎಂಟೂ ಟ್ರ್ಯಾಕುಗಳು ಸಾಲಾಗಿ ನಿಂತಿದ್ದವು! ಮೊದಲನೆಯದನ್ನು ಹಾಕಿದಾಗ ಅಜ್ಜಿ ಕೆಮ್ಮಿ ಗಂಟಲು ಸರಿಮಾಡಿಕೊಂಡು ಶುರು ಮಾಡಿದ್ದು ಕೇಳಿ ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಒಂದು ಮೋಸ ಹೋಗಬೇಡಿ. ಬರೀ ಹಾಡಿನ ಸಿಡಿ ಹಾಕಿದರೆ ವಿಂಡೋಸ್ ಕಂಪ್ಯೂಟರಿನಲ್ಲಿ ಸಿಡಿಎ ಅಂತ ಫೈಲುಗಳು ಕಾಣುತ್ತವೆ. ಅವನ್ನು ಪೆನ್‌ಡ್ರೈವಿಗೆ ಹಾಕಿಕೊಂಡರೆ ಹಾಡು ಬರಲ್ಲ. ಒಂದೊಂದೂ 44 ಬೈಟು ಅಷ್ಟೇ, ಹಾಡು ಎಲ್ಲಿದೆ ಅಂತ ಹೇಳುವ ಚೀಟಿ ಇದ್ದ ಹಾಗೆ. ಮೀಡಿಯಾ ಪ್ಲೇಯರಿನಲ್ಲೇ ರಿಪ್ ಅಂತ ಇರುತ್ತೆ, ಅದನ್ನು ಒತ್ತಿದರೆ ದನಿಯನ್ನು ಓದಿ ನಿಜವಾದ ಫೈಲು ಮಾಡಿಕೊಡುತ್ತೆ. ನಾವು ಎಂಪಿ3 ಮಾಡಿಕೊಂಡೆವು.

ಎಂಟರಲ್ಲಿ ಏಳು ಪದ ಬಂದವು. ಏಳನೇ ಪದ ಮಾತ್ರ ಅರ್ಧಕ್ಕೆ ಬಂದು ನಿಂತುಬಿಡುತ್ತೆ. ಸಿಡಿ ವರ್ಷಗಟ್ಟಲೆ ಕಿಟಕಿಯಲ್ಲಿ ಬಿಸಿಲಿಗೆ ಬಿದ್ದಿತ್ತು, ಸಿಡಿ-ಆರ್‌ನ ಬಣ್ಣದ ಪದರ ಬಿಸಿಲಿಗೆ ಕೆಡುತ್ತಂತೆ. ಒಂದು ಡ್ರೈವು ಓದದ ಜಾಗವನ್ನು ಇನ್ನೊಂದು ಡ್ರೈವು ಓದಿದರೂ ಓದಬಹುದು ಅಂತ ಮೇಷ್ಟ್ರು ಹೇಳಿದ್ದಾರೆ. ಅದು ಹೆಣ್ಣು ಒಪ್ಪಿಸಿಕೊಡುವ ಪದ, ಅಜ್ಜಿ ದಿನಾ ಅದನ್ನೇ ಕೇಳುತ್ತಾರೆ. ನಿಮ್ಮ ಮನೆಯಲ್ಲಾಗಲಿ ನೆಂಟರ ಮನೆಯಲ್ಲಾಗಲಿ ಸಿಡಿ ಹಾಕುವ ಕಂಪ್ಯೂಟರ್ ಇದ್ದರೆ ಶನಿವಾರದೊಳಗೆ ನನಗೆ ಹೇಳಿ.

– ಏಳನೇ ತರಗತಿ