ಹಳೇ ಕಾರು, ಕಾಲು ಮೈಲಿ, ಕಡಿಮೆ ಖರ್ಚು

ಹೋಂಡಾ ಸಿಟಿ ವಿಟೆಕ್, ಎಸ್ಟೀಮ್, ಬಲೆನೊ, ಐಕಾನ್ 1.6, ಪ್ಯಾಲಿಯೊ 1.6. ಇಪ್ಪತ್ತು ವರ್ಷ ದಾಟಿದ ಇಂಥ ಕಾರುಗಳನ್ನು ಮನೆಯ ಮಗುವಿನಂತೆ ನೋಡಿಕೊಳ್ಳುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಮಹಾರಾಷ್ಟ್ರದ ಆಂಬಿ ವ್ಯಾಲಿಯ ಏರ್‌ಸ್ಟ್ರಿಪ್‌ನಲ್ಲಿ ಅಥವಾ ಬೇರೆ ಯಾವುದಾದರೂ ಡ್ರ್ಯಾಗ್ ಕೂಟದಲ್ಲಿ ಒಮ್ಮೆ ಕಾಲು ಮೈಲಿ ಓಡಿಸಬೇಕು ಎಂಬ ಆಸೆ ಹುಟ್ಟಿದೊಡನೆ ಅವರು ಮಾಡುವ ಮೊದಲ ಕೆಲಸ ಸೈಲೆನ್ಸರ್ ಬದಲಿಸುವುದು. ಆಮೇಲೆ ಓಪನ್ ಫಿಲ್ಟರ್, ಆಮೇಲೆ 17 ಇಂಚಿನ ಅಲಾಯ್. ದುಡ್ಡು ಅಲ್ಲಿಗೇ ಮುಗಿಯುತ್ತದೆ. ಸದ್ದು ಏರಿರುತ್ತದೆ, ಸಮಯ ಇಳಿದಿರುವುದಿಲ್ಲ. ಅದೇ ದುಡ್ಡಿನ ಅರ್ಧ ಭಾಗದಲ್ಲಿ ಅರ್ಧ ಸೆಕೆಂಡು ಕಡಿಮೆ ಮಾಡಬಹುದು ಎಂಬುದನ್ನು ಹೇಳುವುದಕ್ಕೇ ಈ ಲೇಖನ.

ಕಾಲು ಮೈಲಿ ಎಂದರೆ 402 ಮೀಟರ್. ಒಳ್ಳೆಯ ಸ್ಥಿತಿಯಲ್ಲಿರುವ ಹಳೇ ಸಿಟಿ ವಿಟೆಕ್ (1.5 ಲೀಟರ್, 106 ಎಚ್‌ಪಿ) ಅದನ್ನು 17 ಸೆಕೆಂಡಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಈ ಗಾಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಮೊದಲು ಕಾರು ಸರಿಯಿರಲಿ

ಕಳೆದುಹೋದ ಶಕ್ತಿಯನ್ನು ಮರಳಿ ಪಡೆಯುವುದು ಹೊಸ ಶಕ್ತಿಯನ್ನು ಕೊಳ್ಳುವುದಕ್ಕಿಂತ ಯಾವತ್ತೂ ಅಗ್ಗ. ಕಂಪ್ರೆಷನ್ ಟೆಸ್ಟ್ ಮಾಡಿಸಿ. ನಾಲ್ಕೂ ಸಿಲಿಂಡರಿನ ಅಂಕಿ ಹತ್ತಿರ ಹತ್ತಿರ ಇರಬೇಕು. ಪ್ಲಗ್, ಏರ್ ಫಿಲ್ಟರ್, ಪೆಟ್ರೋಲ್ ಫಿಲ್ಟರ್ ಹೊಸದು ಹಾಕಿ. ಟ್ಯಾಪೆಟ್ ಹೊಂದಿಸಿ, ಇಗ್ನಿಷನ್ ಟೈಮಿಂಗ್ ನೋಡಿ. ಟೈಮಿಂಗ್ ಬೆಲ್ಟ್ ಎಂದು ಬದಲಾಯಿತೆಂಬ ದಾಖಲೆ ಇಲ್ಲದಿದ್ದರೆ ಇನ್ನೇನನ್ನೂ ಯೋಚಿಸದೆ ಅದನ್ನು ಬದಲಿಸಿ. ಆರು ಸಾವಿರ ಆರ್‌ಪಿಎಂ ಮೇಲೆ ಅದು ಹರಿದರೆ ವಾಲ್ವ್‌ಗಳು ಬಾಗಿ, ಇಡೀ ಇಂಜಿನ್ ಬಿಚ್ಚಬೇಕಾಗಬಹುದು.

ಬ್ರೇಕ್ ಹಿಡಿದುಕೊಂಡಿರುವುದು ಹಳೇ ಕಾರುಗಳ ದೊಡ್ಡ ಕಾಯಿಲೆ. ಜಾಕ್ ಹಾಕಿ, ಒಂದೊಂದೇ ಚಕ್ರವನ್ನು ಎತ್ತಿ ಕೈಯಲ್ಲಿ ತಿರುಗಿಸಿ ನೋಡಿ. ಸರಾಗವಾಗಿ ತಿರುಗದಿದ್ದರೆ ಕ್ಯಾಲಿಪರ್ ಪಿನ್‌ಗಳನ್ನು ಬಿಚ್ಚಿ, ತೊಳೆದು, ಗ್ರೀಸ್ ಹಚ್ಚಿಸಿ. ಕೆಲವೇ ನೂರು ರೂಪಾಯಿಯ ಕೆಲಸ. ವೀಲ್ ಅಲೈನ್‌ಮೆಂಟ್ ಕೂಡ ಅಷ್ಟೇ ಮುಖ್ಯ.

ಎಲ್‌ಪಿಜಿ ಕಿಟ್ ಹಾಕಿಸಿದ ಗಾಡಿಯಾದರೆ ಇನ್ನೊಂದು ಮಾತು. ಹಳೆಯ ಕಿಟ್‌ಗಳ ಮಿಕ್ಸರ್ ಗಾಳಿ ಹೋಗುವ ದಾರಿಯಲ್ಲೇ ಕೂತಿರುತ್ತದೆ. ನೀವು ಪೆಟ್ರೋಲಿನಲ್ಲಿ ಓಡಿಸಿದರೂ ಅದು ಗಾಳಿಯನ್ನು ತಡೆಯುತ್ತಲೇ ಇರುತ್ತದೆ. ಡಿಕ್ಕಿಯ ಸಿಲಿಂಡರಿನ ತೂಕ ಬೇರೆ. ಕಿಟ್ ಬಳಸುತ್ತಿಲ್ಲವಾದರೆ ಬಲ್ಲವರಿಂದ ತೆಗೆಸಿ, ಆರ್‌ಸಿಯಲ್ಲೂ ತಿದ್ದಿಸಿ.

ಆಕ್ಟೇನ್ ಬೂಸ್ಟರ್ ಬಾಟಲಿಗೆ ದುಡ್ಡು ಹಾಕಬೇಡಿ. ನಾಕಿಂಗ್ ಇಲ್ಲದ, ಟೈಮಿಂಗ್ ಬದಲಿಸದ ಹಳೇ ಇಂಜಿನ್‌ಗೆ ಹೆಚ್ಚಿನ ಆಕ್ಟೇನ್‌ನಿಂದ ಏನೂ ಸಿಗುವುದಿಲ್ಲ.

ಮೊದಲ ಅರವತ್ತು ಅಡಿ

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ನಾನು ನೋಡಿದ ತಪ್ಪುಗಳಲ್ಲಿ ಹೆಚ್ಚಿನವು ಇಲ್ಲೇ ಆಗುವಂಥವು.

ಟೈಮ್ ಸ್ಲಿಪ್ ಕೊಡುವ ಕಡೆ ಅದರಲ್ಲಿ ಮೊದಲ 60 ಅಡಿ, ಅಂದರೆ ಸುಮಾರು 18 ಮೀಟರಿನ ಸಮಯ ಪ್ರತ್ಯೇಕವಾಗಿ ಬರುತ್ತದೆ. ರಸ್ತೆಯ ಟೈರ್ ಹಾಕಿದ ಇಂಥ ಕಾರುಗಳಲ್ಲಿ ಅದು ಎರಡೂವರೆ ಸೆಕೆಂಡಿನ ಅತ್ತಿತ್ತ. ಈ 60 ಅಡಿಯಲ್ಲಿ ಉಳಿಸಿದ 0.2 ಸೆಕೆಂಡು ಕೊನೆಯ ಗೆರೆ ತಲುಪುವ ಹೊತ್ತಿಗೆ 0.3ರಷ್ಟು ಆಗಿರುತ್ತದೆ. ಅಷ್ಟನ್ನು ಇಂಜಿನ್ ಕೆಲಸದಿಂದ ಗಳಿಸಲು ಹತ್ತಾರು ಸಾವಿರ ರೂಪಾಯಿ ಬೇಕು.

ಈಗ ತಪ್ಪು ಎಲ್ಲಿದೆ ನೋಡಿ. ಡ್ರ್ಯಾಗ್ ರೇಸಿನ ಬಗ್ಗೆ ನಾವು ನೋಡುವ ವಿಡಿಯೊಗಳಲ್ಲಿ ಹೆಚ್ಚಿನವು ಅಮೆರಿಕದ್ದು. ಅಲ್ಲಿನ ದೊಡ್ಡ ಮಸ್ಟ್ಯಾಂಗ್, ಕಮಾರೊಗಳು ಹಿಂದಿನ ಚಕ್ರದಿಂದ ಓಡುವಂಥವು. ಹೊರಟೊಡನೆ ಮೂತಿ ಎದ್ದು, ತೂಕ ಹಿಂದಿನ ಚಕ್ರದ ಮೇಲೆ ಕೂತರೆ ಅವಕ್ಕೆ ಒಳ್ಳೆಯದು. ಅದನ್ನು ನೋಡಿ ನಮ್ಮವರು ಎಸ್ಟೀಮಿನ ಹಿಂಭಾಗವನ್ನು ತಗ್ಗಿಸುತ್ತಾರೆ. ಹಿಡಿತ ಬರಲಿ ಎಂದು ಡಿಕ್ಕಿಗೆ ಮರಳಿನ ಚೀಲ ಹಾಕಿದ್ದನ್ನೂ ಕಂಡಿದ್ದೇನೆ. ಅಂಬಾಸಡರ್, ಕಾಂಟೆಸ್ಸಾ, ಪದ್ಮಿನಿಗೆ ಈ ಉಪಾಯ ಹೊಂದುತ್ತದೆ. ಮೇಲೆ ಹೇಳಿದ ಐದೂ ಕಾರುಗಳು ಮುಂದಿನ ಚಕ್ರದಿಂದ ಓಡುವಂಥವು. ಅವುಗಳಿಗೆ ಇದು ತದ್ವಿರುದ್ಧ.

ಲೆಕ್ಕ ಹಾಕೋಣ. ಡ್ರೈವರ್ ಸೇರಿ ಸಿಟಿಯ ತೂಕ ಸುಮಾರು 1,130 ಕೆಜಿ, ಎರಡು ಆ್ಯಕ್ಸಲ್‌ಗಳ ನಡುವಿನ ಅಂತರ ಎರಡೂವರೆ ಮೀಟರ್, ಗುರುತ್ವ ಕೇಂದ್ರ ನೆಲದಿಂದ ಅರ್ಧ ಮೀಟರ್ ಎತ್ತರ ಎಂದಿಟ್ಟುಕೊಳ್ಳಿ. 0.4 ಜಿ ವೇಗೋತ್ಕರ್ಷದಲ್ಲಿ ಹೊರಟರೆ ಸುಮಾರು 90 ಕೆಜಿ ಭಾರ ಮುಂದಿನ ಚಕ್ರಗಳಿಂದ ಹಿಂದಕ್ಕೆ ಸರಿಯುತ್ತದೆ. ರಸ್ತೆಯನ್ನು ಹಿಡಿದು ಕಾರನ್ನು ಎಳೆಯಬೇಕಾದ ಚಕ್ರಗಳೇ, ಎಳೆಯಬೇಕಾದ ಹೊತ್ತಿಗೆ ಹಗುರಾಗುತ್ತವೆ. ಮೂತಿ ಎದ್ದಷ್ಟೂ ನಿಮಗೆ ನಷ್ಟ. ಯಾವ ಸ್ಪ್ರಿಂಗ್ ಹಾಕಿದರೂ ಈ 90 ಕೆಜಿ ಸರಿಯುವುದನ್ನು ತಪ್ಪಿಸಲಾಗದು. ಆದರೆ ಹಿಂದಿನ ಸ್ಪ್ರಿಂಗ್ ಗಟ್ಟಿಯಿದ್ದರೆ ಕಾರು ಹಿಂದಕ್ಕೆ ಕುಸಿದು ಕುಣಿಯುವುದಿಲ್ಲ, ಮುಂದಿನ ಟೈರ್ ನೆಲದ ಮೇಲೆ ಸಮವಾಗಿ ಕೂತಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಸ್ಪೇರ್‌ಪಾರ್ಟ್ ಬೀದಿಗಳಲ್ಲಿ ಸಿಗುವ ರಬ್ಬರಿನ ಸ್ಪ್ರಿಂಗ್ ಬಫರ್‌ಗಳನ್ನು ಹಿಂದಿನ ಎರಡು ಸ್ಪ್ರಿಂಗ್‌ಗೆ ಹಾಕಿದರೂ ಸಾಕು. ಮುಂದಕ್ಕೆ ಬೇಡ.

ತೂಕವನ್ನು ಹಿಂದಿನಿಂದಲೇ ಇಳಿಸಿ. ಸ್ಟೆಪ್ನಿ, ಜಾಕ್, ಹಿಂದಿನ ಸೀಟು, ಡಿಕ್ಕಿಯ ಸ್ಪೀಕರ್ ಪೆಟ್ಟಿಗೆ, ಅರ್ಧ ಟ್ಯಾಂಕ್ ಪೆಟ್ರೋಲ್, ಇಷ್ಟು ತೆಗೆದರೆ ಸುಮಾರು 50 ಕೆಜಿ ಕಡಿಮೆಯಾಗುತ್ತದೆ. ಸಿಟಿಯಂಥ ಗಾಡಿಗೆ ಅದು ಹೆಚ್ಚುಕಡಿಮೆ 0.2 ಸೆಕೆಂಡಿಗೆ ಸಮ. ಖರ್ಚು ಸೊನ್ನೆ. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇರಲೇಬೇಕು. ಡ್ರೈವರ್ ಸೀಟು ಮತ್ತು ಬೆಲ್ಟ್ ಮುಟ್ಟಬೇಡಿ.

ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ ಮುಂದಿನ ಎರಡು ಟೈರಿಗೆ ಮಾಡಿ. ಹಳೇ ಕಾರುಗಳು ಕಡಿಮೆ ಓಡುತ್ತವೆ. ಹಾಗಾಗಿ ಟೈರಿನ ಗುಂಡಿ ಸವೆಯುವ ಮೊದಲೇ ರಬ್ಬರ್ ಗಟ್ಟಿಯಾಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಇದೆ. 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದರೆ ನೋಡಲು ಎಷ್ಟೇ ಚೆನ್ನಾಗಿರಲಿ, ಡ್ರ್ಯಾಗ್‌ಗೆ ಅದು ಬೇಡ. ಕಂಪನಿ ಕೊಟ್ಟ ಅಳತೆಯಲ್ಲೇ, ಮೆದು ರಬ್ಬರಿನ ಒಳ್ಳೆಯ ಟೈರ್ ಕೊಳ್ಳಿ. 17 ಇಂಚಿನ ಅಲಾಯ್ ಭಾರ ಹೆಚ್ಚು. ಟೈರಿನ ಹೊರ ಸುತ್ತಳತೆಯೂ ದೊಡ್ಡದಾದರೆ ಗೇರ್ ಉದ್ದವಾದಂತಾಗಿ ಓಟ ಮಂದವಾಗುತ್ತದೆ.

ಟ್ರ್ಯಾಕಿಗೆ ಬಂದ ಮೇಲೆ ಮುಂದಿನ ಟೈರಿನ ಗಾಳಿಯನ್ನು 24 ಪಿಎಸ್‌ಐಗೆ ಇಳಿಸಿ, ಹಿಂದಿನದಕ್ಕೆ 38ರವರೆಗೆ ತುಂಬಿ. ಟೈರಿನ ಮೇಲೆ ಬರೆದ ಗರಿಷ್ಠ ಮಿತಿ ಮೀರಬಾರದು. ಒಂದು ಓಟಕ್ಕೆ ಒಂದೇ ಬದಲಾವಣೆ. ಎರಡು ಪಿಎಸ್‌ಐ ಇಳಿಸಿ, ಓಡಿಸಿ, ಸಮಯ ಬರೆದಿಟ್ಟುಕೊಳ್ಳಿ. ಕಾರು ಅತ್ತಿತ್ತ ತೂರಾಡಿದಂತೆ ಅನಿಸಿದೊಡನೆ ಮತ್ತೆ ಏರಿಸಿ.

ಹೊರಡುವಾಗ ಕ್ಲಚ್ಚನ್ನು ಫಟ್ಟನೆ ಬಿಡಬೇಡಿ. ಈ ಕಾರುಗಳಲ್ಲಿ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇಲ್ಲ. ಒಂದು ಚಕ್ರ ಜಾರಿದರೆ ಇನ್ನೊಂದರ ಎಳೆತವೂ ಬಿದ್ದುಹೋಗುತ್ತದೆ. 2,500–3,000 ಆರ್‌ಪಿಎಂ ಹಿಡಿದು, ಕ್ಲಚ್ಚನ್ನು ಅರೆ ಕ್ಷಣ ಜಾರಿಸಿ ಬಿಡಿ. ಚಕ್ರ ಸ್ವಲ್ಪವೇ ಕಿರುಗುಟ್ಟಬೇಕು. ಕಾರು ಚಲಿಸತೊಡಗಿದ ಮೇಲೆ ಪೂರ್ತಿ ತುಳಿಯಿರಿ. ಚಕ್ರ ಕುಪ್ಪಳಿಸಿ ದಡದಡ ಸದ್ದು ಬಂದರೆ ಕೂಡಲೇ ಕಾಲು ತೆಗೆಯಿರಿ. ಇಂಜಿನ್ ಮೌಂಟ್ ಸತ್ತಿರುವ ಕಾರಿನಲ್ಲಿ ಹೀಗಾಗುತ್ತದೆ. ಹಾಗೇ ತುಳಿಯುತ್ತಾ ಹೋದರೆ ಡ್ರೈವ್‌ಶಾಫ್ಟ್ ಮುರಿಯುತ್ತದೆ. ಮೌಂಟ್ ಬದಲಿಸಿದ ಮೇಲೆ ಲಾಂಚ್ ಎಷ್ಟು ನಯವಾಗುತ್ತದೆ ಎಂಬುದನ್ನು ಓಡಿಸಿಯೇ ತಿಳಿಯಬೇಕು.

ಟೈರ್ ಬಿಸಿ ಮಾಡಲು ದೀರ್ಘ ಬರ್ನ್‌ಔಟ್ ಬೇಕಿಲ್ಲ. ನಮ್ಮ ಕೂಟಗಳು ಹೆಚ್ಚಾಗಿ ಧೂಳಿನ ಏರ್‌ಸ್ಟ್ರಿಪ್‌ನಲ್ಲಿ ನಡೆಯುವುದರಿಂದ ರಬ್ಬರಿಗೆ ಅಂಟಿದ ಧೂಳು, ಕಲ್ಲುಪುಡಿ ಹೋದರೆ ಸಾಕು. ಹ್ಯಾಂಡ್‌ಬ್ರೇಕ್ ಹಾಕಿ ಎರಡು ಕ್ಷಣ ಮುಂದಿನ ಚಕ್ರ ತಿರುಗಿಸಿ ನಿಲ್ಲಿಸಿ. ನೀರು ಸುರಿದ ಜಾಗವಿದ್ದರೆ ಸುತ್ತಿಕೊಂಡು ಹೋಗಿ. ಗುಂಡಿಯಿರುವ ಟೈರ್ ನೀರನ್ನು ಹೊತ್ತುಕೊಂಡು ಗೆರೆಯವರೆಗೂ ಬರುತ್ತದೆ.

ಗೆರೆಯ ಮೇಲೆ

ಗಡಿಯಾರ ಓಡತೊಡಗುವುದು ಹಸಿರು ದೀಪಕ್ಕಲ್ಲ, ನಿಮ್ಮ ಮುಂದಿನ ಚಕ್ರ ಹೊರಡುವ ಗೆರೆಯಲ್ಲಿ ಅಡ್ಡ ಹಾಯುವ ಬೆಳಕಿನ ಕಿರಣದಿಂದ (ಸ್ಟೇಜ್ ಕಿರಣ) ಸರಿದಾಗ. ಜೋಡಿ ಓಟದಲ್ಲಿ ಮೊದಲು ಹೊರಟವನಿಗೆ ಲಾಭ ಇದ್ದೇ ಇದೆ. ಆದರೆ ಸಮಯ ನೋಡಿ ಸ್ಥಾನ ಕೊಡುವ ಕೂಟದಲ್ಲಿ ಹಸಿರಿಗೆ ಗಾಬರಿಯಿಂದ ನೆಗೆಯುವುದು ಬೇಡ. ಎರಡನೇ ಸ್ಟೇಜ್ ದೀಪ ಹತ್ತಿದ ಆ ಕೂದಲೆಳೆಯ ಜಾಗದಲ್ಲೇ ನಿಲ್ಲಿಸಿ. ಇನ್ನೂ ಮುಂದೆ ತೆವಳಿದರೆ ಗಡಿಯಾರ ಹೊರಡುವ ಮೊದಲು ಉಚಿತವಾಗಿ ಉರುಳಲು ಸಿಗುವ ಕೆಲವು ಇಂಚುಗಳು ಹೋಗುತ್ತವೆ.

ಎರಡು ಓಟಗಳ ನಡುವೆ ಬಾನೆಟ್ ತೆರೆದಿಡಿ. ಓಪನ್ ಫಿಲ್ಟರ್ ಹಾಕಿಸಿದವರು ಅದು ಇಂಜಿನ್ನಿನ ಬಿಸಿಗಾಳಿಯನ್ನೇ ಕುಡಿಯುತ್ತಿದೆಯೇ ನೋಡಿ. ಕುಡಿಯುತ್ತಿದ್ದರೆ ಕಂಪನಿಯ ಹಳೇ ಫಿಲ್ಟರ್ ಡಬ್ಬಿಯನ್ನೇ ಮರಳಿ ಹಾಕಿ.

ಸ್ಲಿಪ್ ಓದುವುದೂ ಗೊತ್ತಿರಲಿ. ಕೊನೆಯ ವೇಗ ಚೆನ್ನಾಗಿದ್ದು ಸಮಯ ಕೆಟ್ಟಿದ್ದರೆ ತಪ್ಪು ಲಾಂಚ್‌ನದು. ಎರಡೂ ಕೆಟ್ಟಿದ್ದರೆ ಇಂಜಿನ್ ನೋಡಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಟರ್ಬೊ ಇಲ್ಲದ ಇಂಜಿನ್ ಇಲ್ಲಿ ಸುಮಾರು ಶೇ 10ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನ ಸಮಯದೊಂದಿಗೆ ಇಲ್ಲಿನದನ್ನು ಹೋಲಿಸಿ ಬೇಸರಪಡಬೇಡಿ.

ಜಾಗ ಮುಗಿಯುತ್ತಾ ಬಂತು, ಉಳಿದದ್ದು ಚುಟುಕಾಗಿ. ಹೆಲ್ಮೆಟ್, ತುಂಬು ತೋಳಿನ ಹತ್ತಿ ಬಟ್ಟೆ, ಮುಚ್ಚಿದ ಶೂ ಕಡ್ಡಾಯ. ಬ್ಯಾಟರಿ ಬಿಗಿಯಾಗಿ ಕಟ್ಟಿರಬೇಕು. ಕೂಟಕ್ಕೆ ಮೋಟಾರು ಕ್ರೀಡಾ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಲೈಸೆನ್ಸ್ ಬೇಕೇ ಎಂದು ಹೆಸರು ಕೊಡುವ ಮೊದಲೇ ವಿಚಾರಿಸಿ. ನೈಸ್ ರಸ್ತೆಯಲ್ಲೋ ವಿಮಾನ ನಿಲ್ದಾಣದ ರಸ್ತೆಯಲ್ಲೋ ರಾತ್ರಿ ಅಭ್ಯಾಸ ಮಾಡುವ ಯೋಚನೆಯೇ ಬೇಡ. ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಅದಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಇದೆ. ಎದುರಿಗೆ ಬರುವವರ ಜೀವಕ್ಕೆ ಯಾವ ಲೆಕ್ಕವೂ ಇಲ್ಲ. ಓಟ ಮುಗಿದ ಮೇಲೆ ಸೀಟು, ಸ್ಟೆಪ್ನಿ ಮರಳಿ ಜೋಡಿಸಿ, ನಾಲ್ಕೂ ಟೈರಿಗೆ ಕಂಪನಿ ಹೇಳಿದಷ್ಟು ಗಾಳಿ ತುಂಬಿಸಿಯೇ ಹೆದ್ದಾರಿಗೆ ಇಳಿಯಿರಿ. 24 ಪಿಎಸ್‌ಐನಲ್ಲಿ ನೂರರ ವೇಗದಲ್ಲಿ ಊರಿಗೆ ಹೊರಟರೆ ಟೈರ್ ಕಾದು ಸಿಡಿಯಬಹುದು.