ಶಿಲಾಯುಗದ ಆಯುಧ: ಕಲ್ಲು ಗುರುತಿಸುವುದು ಹೇಗೆ?

ಪ್ರಶ್ನೆಪತ್ರಿಕೆಗಳು ಆಯುಧದ ಆಕಾರವನ್ನಷ್ಟೇ ಅಲ್ಲ, ಅದರ ಕಲ್ಲನ್ನೂ ಕೇಳುತ್ತವೆ. ಬಣ್ಣ ನೋಡಿ ತೀರ್ಮಾನಿಸಬೇಡಿ. ಲಕ್ಷಾಂತರ ವರ್ಷ ಮಣ್ಣಿನಲ್ಲಿದ್ದ ಕಲ್ಲಿನ ಹೊರಮೈ ಬದಲಾಗಿರುತ್ತದೆ. ಒಡೆದ ಹೊಸ ಮೈಯನ್ನೇ ನೋಡಬೇಕು.

ಗಡಸುತನ ಮೊದಲ ಪರೀಕ್ಷೆ. ಬೆಣಚುಕಲ್ಲಿನ ಗಡಸುತನ ಮೋಹ್ಸ್ ಮಾಪಕದಲ್ಲಿ 7, ಅದು ಗಾಜನ್ನು ಗೀರುತ್ತದೆ. ಸುಣ್ಣಕಲ್ಲಿನದು ಸುಮಾರು 3. ಚಾಕುವಿನಿಂದ ಗೀರಬಹುದು, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಹನಿ ಬಿದ್ದರೆ ನೊರೆಯುತ್ತದೆ. ಚರ್ಟ್, ಅಗೇಟ್, ಕ್ಯಾಲ್ಸೆಡನಿಗಳ ಕಣಗಳು ಬರಿಗಣ್ಣಿಗೆ ಕಾಣವು. ಒಡೆದಾಗ ಚಿಪ್ಪಿನ ಒಳಮೈಯಂತೆ ಬಾಗಿದ ನುಣುಪು ಮೈ ಬರುತ್ತದೆ, ಅಂಚು ಹರಿತ. ಸೂಕ್ಷ್ಮ ಶಿಲಾಯುಧಗಳಿಗೆ ಇವನ್ನೇ ಹೆಚ್ಚಾಗಿ ಆರಿಸಿದ್ದು ಅದಕ್ಕೇ. ಕ್ವಾರ್ಟ್ಜೈಟ್‌ನಲ್ಲಿ ಸಕ್ಕರೆಯಂಥ ಕಣಗಳು ಮಿನುಗುತ್ತವೆ. 1863ರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್‌ಗೆ ಮದ್ರಾಸ್ ಬಳಿಯ ಪಲ್ಲಾವರಂನಲ್ಲಿ ಹಳೆಶಿಲಾಯುಗದ ಆಯುಧ ಸಿಕ್ಕಿತು. ಆ ಪ್ರದೇಶದ ಕೈಗೊಡಲಿಗಳು ಬಹುಪಾಲು ಕ್ವಾರ್ಟ್ಜೈಟ್ ಕಲ್ಲಿನವೇ.

ಕರ್ನಾಟಕದ ಉದಾಹರಣೆಯನ್ನು ಮರೆಯಲೇಬೇಡಿ. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರದಲ್ಲಿ ಪುರಾತತ್ವಜ್ಞ ಕೆ. ಪದ್ದಯ್ಯ ಅವರ ಉತ್ಖನನ ಬೆಳಕಿಗೆ ತಂದದ್ದು ಸುಮಾರು 12 ಲಕ್ಷ ವರ್ಷ ಹಳೆಯದೆಂದು ಅಂದಾಜಿಸಲಾದ ಆಯುಧ ತಯಾರಿಕೆಯ ತಾಣ. ಅಲ್ಲಿ ಬಳಸಿದ್ದು ಸಿಲಿಕಾ ಬೆರೆತು ಗಟ್ಟಿಯಾದ ಸುಣ್ಣಕಲ್ಲು. ಪದರಪದರವಾಗಿ ಏಳುವ ಚಪ್ಪಡಿಗಳು ಸ್ಥಳದಲ್ಲೇ ಸಿಗುತ್ತಿದ್ದವು, ಕೆತ್ತುವ ಶ್ರಮ ಕಡಿಮೆಯಾಯಿತು. ಕೈಗೆ ಸಿಕ್ಕ ಕಲ್ಲಿನ ಗುಣವನ್ನು ಇಷ್ಟು ಚೆನ್ನಾಗಿ ಅರಿತ ಆ ಜನರನ್ನು ಒರಟರೆನ್ನುವುದು ತಪ್ಪು.

ನವಶಿಲಾಯುಗಕ್ಕೆ ಉದಾಹರಣೆ ಬಳ್ಳಾರಿ ಬಳಿಯ ಸಂಗನಕಲ್ಲು. ಅಲ್ಲಿನ ಹಿರೇಗುಡ್ಡದ ಕಪ್ಪು ಡಾಲರೈಟ್ ಭಾರವಾದ, ಪೆಟ್ಟು ತಾಳುವ ಕಲ್ಲು. ಉಜ್ಜಿ ನಯಗೊಳಿಸಿದ ಕೊಡಲಿಗೆ ಹೇಳಿ ಮಾಡಿಸಿದಂತಿತ್ತು.